ಹದಿನೆಂಟು ತುಂಬಿದೆ ಎನ್ನಲು ಮನೆ ವಿಳಾಸವನ್ನೇಕೆ ಕೊಡಬೇಕು?

ನಮ್ಮ ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಉಳಿದವರಿಗೆ ಇದು ಗೊತ್ತಿರುತ್ತದೆ. ಮುಂಗಡ ಹಣ ಹಾಕಿದ ಬೆನ್ನಿಗೇ ವಾಟ್ಸಾಪ್‌ನಲ್ಲಿ ಸಂದೇಶ ಬರುತ್ತದೆ: "ಎಲ್ಲರ ಆಧಾರ್ ಫೋಟೋ ಕಳುಹಿಸಿ." ಮರುಮಾತಿಲ್ಲದೆ ಕಳುಹಿಸುತ್ತೇವೆ. ಮೂಡಿಗೆರೆ ಕಡೆ ಹೋಂಸ್ಟೇ ನಡೆಸುವ ನನ್ನ ಚಿಕ್ಕಪ್ಪ ಮೊನ್ನೆ ಕಣದಲ್ಲಿ ಹರವಿದ ಕಾಫಿಯ ಚಿತ್ರ ತೋರಿಸಲೆಂದು ಫೋನು ತೆರೆದರು. ಕಾಫಿ ಕಣ, ಮೊಮ್ಮಗಳ ಹುಟ್ಟುಹಬ್ಬ, ನಡುನಡುವೆ ಯಾರು ಯಾರದೋ ಆಧಾರ್ ಕಾರ್ಡು. ಮುಖ, ಹುಟ್ಟಿದ ದಿನ, ಮನೆ ವಿಳಾಸ, ಹನ್ನೆರಡು ಅಂಕಿ, ಎಲ್ಲವೂ ಕಾಣುವಂತೆ.

"ಇದನ್ನೆಲ್ಲ ಅಳಿಸಬಾರದೇ ಚಿಕ್ಕಪ್ಪ?" ಎಂದೆ.

"ನಾಳೆ ಪೊಲೀಸರು ಬಂದು ಕೇಳಿದರೆ ಏನು ತೋರಿಸಲಿ, ನೀನೇ ಹೇಳಮ್ಮಾ" ಎಂದರು.

ಅವರನ್ನು ದೂರಿ ಪ್ರಯೋಜನವಿಲ್ಲ. ಒಂದು ಮಾತು ನಿಜವೆಂದು ತೋರಿಸಬೇಕಾದರೆ ಅದರ ಹಿಂದಿನ ದಾಖಲೆಯನ್ನೇ ಒಪ್ಪಿಸಬೇಕು ಎಂಬುದು ನಮ್ಮ ಇಡೀ ವ್ಯವಸ್ಥೆಯ ನಂಬಿಕೆ. ಗಣಿತ ಈ ನಂಬಿಕೆಯನ್ನು 1985ರಲ್ಲೇ ಸುಳ್ಳು ಮಾಡಿದೆ. ಗಣಿತ ಪಾಠ ಮಾಡುವವಳಾಗಿ ಇದನ್ನು ನಮ್ಮ ಜನಕ್ಕೆ ಹೇಳದೆ ಇರಲಾರೆ.

ಆ ವರ್ಷ ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೋ ಮಿಕಾಲಿ ಮತ್ತು ಚಾರ್ಲ್ಸ್ ರಾಕಾಫ್ ಎಂಬ ಮೂವರು 'ಝೀರೋ ನಾಲೆಡ್ಜ್ ಪ್ರೂಫ್' ಎಂಬ ಕಲ್ಪನೆಯನ್ನು ಮುಂದಿಟ್ಟರು. ನನ್ನ ಮಾತು ನಿಜ ಎಂಬುದು ನಿಮಗೆ ಮನದಟ್ಟಾಗಬೇಕು, ಅದರಾಚೆ ಒಂದಕ್ಷರವೂ ನಿಮಗೆ ತಿಳಿಯಬಾರದು. ಕೇಳಿದರೆ ಆಗದ ಮಾತು ಅನ್ನಿಸುತ್ತದೆ. ಮರುವರ್ಷ ಗೋಲ್ಡ್‌ರೈಕ್, ಮಿಕಾಲಿ, ವಿಗ್ಡರ್ಸನ್ ಕೊಟ್ಟ ಉದಾಹರಣೆಯನ್ನು ನೋಡಿ.

ನೂರಾರು ಊರುಗಳಿರುವ ಒಂದು ದೊಡ್ಡ ನಕ್ಷೆ. ಗಡಿ ಹಂಚಿಕೊಂಡ ಎರಡು ಊರುಗಳಿಗೆ ಒಂದೇ ಬಣ್ಣ ಬರಬಾರದು. ನಾಲ್ಕು ಬಣ್ಣವಿದ್ದರೆ ಯಾವ ನಕ್ಷೆಗೂ ಸಾಕು, ಅದು ಸಾಬೀತಾಗಿದೆ. ಮೂರರಲ್ಲೇ ಮುಗಿಸಲು ಸಾಧ್ಯವೇ ಎಂಬುದು ಮಾತ್ರ ಬಹಳ ಕಠಿಣ ಪ್ರಶ್ನೆ. ನನ್ನ ಬಳಿ ಉತ್ತರವಿದೆ, ನಿಮಗೆ ಅದನ್ನು ಬಿಟ್ಟುಕೊಡಲಾರೆ. ಹಾಗಾಗಿ ನಾನು ನಕ್ಷೆಗೆ ಬಣ್ಣ ಹಚ್ಚಿ ಪ್ರತಿ ಊರನ್ನೂ ಮುಚ್ಚಿಡುತ್ತೇನೆ. ನೀವು ಯಾವುದಾದರೂ ಒಂದು ಗಡಿಯನ್ನು ತೋರಿಸಿ. ಅದರ ಎರಡು ಬದಿಯ ಊರುಗಳನ್ನು ಮಾತ್ರ ತೆರೆಯುತ್ತೇನೆ. ಬಣ್ಣ ಬೇರೆಯಾಗಿದ್ದರೆ ಸರಿ. ಬಳಿಕ ಮೂರು ಬಣ್ಣಗಳನ್ನು ನನಗೆ ತೋಚಿದಂತೆ ಅದಲುಬದಲು ಮಾಡಿ, ಮತ್ತೆ ಮುಚ್ಚಿ, ಮತ್ತೆ ನಿಮ್ಮ ಮುಂದಿಡುತ್ತೇನೆ. ನಾನು ಸುಳ್ಳು ಹೇಳುತ್ತಿದ್ದರೆ ಎಲ್ಲೋ ಒಂದು ಗಡಿಯಾದರೂ ತಪ್ಪಿರಲೇಬೇಕು. 1,000 ಗಡಿಗಳಿದ್ದರೆ, ಹೀಗೆ 10,000 ಸುತ್ತು ಕೇಳಿದ ಮೇಲೂ ನಾನು ತಪ್ಪಿಸಿಕೊಳ್ಳುವ ಸಾಧ್ಯತೆ 20,000ಕ್ಕೆ ಒಂದಕ್ಕಿಂತ ಕಡಿಮೆ.

ಇಷ್ಟಾಗಿ ನೀವು ಕಂಡದ್ದೇನು? ಪ್ರತಿ ಸಲ ಎರಡು ಬೇರೆ ಬೇರೆ ಬಣ್ಣ. ನೀವೊಬ್ಬರೇ ಮನೆಯಲ್ಲಿ ಕುಳಿತು ಕಣ್ಣುಮುಚ್ಚಿ ಎರಡು ಬಣ್ಣ ಆರಿಸಿಕೊಂಡಿದ್ದರೂ ಅದೇ ಸಿಗುತ್ತಿತ್ತು. ನನ್ನ ನೆರವಿಲ್ಲದೆ ನೀವೇ ಸೃಷ್ಟಿಸಿಕೊಳ್ಳಬಹುದಾದದ್ದರಿಂದ ನನ್ನ ಗುಟ್ಟು ನಿಮಗೆ ಹೇಗೆ ತಿಳಿದೀತು? ಗುಟ್ಟು ಸೋರಿಲ್ಲ ಎಂಬುದಕ್ಕೆ 1985ರ ಆ ಮೂವರು ಕೊಟ್ಟ ವ್ಯಾಖ್ಯೆಯ ತಿರುಳು ಇದೇ. ಇಷ್ಟು ಚೆಂದದ ಯೋಚನೆಯನ್ನು ನಾನು ಗಣಿತದಲ್ಲಿ ಹೆಚ್ಚು ಕಂಡಿಲ್ಲ.

ಇದು ನಕ್ಷೆಗೆ ಮುಗಿಯುವುದಿಲ್ಲ. ಸುಲಭವಾಗಿ ಪರಿಶೀಲಿಸಬಹುದಾದ ಪುರಾವೆ ಯಾವ ಹೇಳಿಕೆಗಿದೆಯೋ ಅದನ್ನೆಲ್ಲ ಇಂಥ ನಕ್ಷೆಯ ಪ್ರಶ್ನೆಯಾಗಿ ಬದಲಾಯಿಸಬಹುದು. ಊರುಗಳ ಬಣ್ಣವನ್ನು ಮುಚ್ಚಿಡಲು ಯಾರೂ ಒಡೆಯಲಾಗದ ಗೂಢಲಿಪಿ ಇದ್ದರಾಯಿತು. ಆಧಾರ್ ಕಾರ್ಡಿನ ಕ್ಯೂಆರ್ ಕೋಡ್‌ನಲ್ಲಿರುವ ವಿವರಗಳಿಗೆ ಆಧಾರ್ ನೀಡುವ ಪ್ರಾಧಿಕಾರದ ಡಿಜಿಟಲ್ ಸಹಿ ಇದೆ. "ಈ ಸಹಿ ಇರುವ ದಾಖಲೆ ನನ್ನ ಬಳಿ ಇದೆ, ಅದರ ಪ್ರಕಾರ ನನಗೆ ಹದಿನೆಂಟು ತುಂಬಿದೆ" ಎಂಬುದೂ ಅಂಥದ್ದೇ ಹೇಳಿಕೆ. ಹೆಸರು, ವಿಳಾಸ, ಹುಟ್ಟಿದ ದಿನ ಯಾವುದನ್ನೂ ಹೇಳದೆ ಇದನ್ನು ಸಾಧಿಸಿ ತೋರಿಸಬಹುದು. ಹತ್ತಾರು ಸಾವಿರ ಸುತ್ತು ಬೇಕಿಲ್ಲ. ಪ್ರಶ್ನೋತ್ತರವಿಲ್ಲದೆ ಒಂದೇ ಸಂದೇಶದಲ್ಲಿ ಮುಗಿಸುವ ವಿಧಾನಗಳು ಎಂಬತ್ತರ ದಶಕದಲ್ಲೇ ಬಂದವು. ಇಂದು ಮೊಬೈಲೊಂದು ಇಂಥ ಪುರಾವೆಯನ್ನು ತಯಾರಿಸಬಲ್ಲದು.

"ಇಂಥ ಸಂಶೋಧನೆಯಿಂದ ಹೊಟ್ಟೆ ತುಂಬುತ್ತದೆಯೇ?" ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಇದು ಹುಟ್ಟಿದಾಗ ವೆಬ್ ಇರಲಿಲ್ಲ, ಆಧಾರ್ ಇರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಸಿಕ್ಕ ಉತ್ತರ ಇಂದು ನಮ್ಮೆಲ್ಲರಿಗೂ ಬೇಕಾಗಿದೆ. ಗೋಲ್ಡ್‌ವಾಸರ್ ಮತ್ತು ಮಿಕಾಲಿಗೆ ಕಂಪ್ಯೂಟರ್ ವಿಜ್ಞಾನದ ಅತಿದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂದದ್ದು 2012ರಲ್ಲಿ. ಫಲ ಸಿಗಲು ಅಷ್ಟು ಕಾಲ ಹಿಡಿಯುತ್ತದೆ, ಅಷ್ಟು ಕಾಲ ಕಾಯುವ ತಾಳ್ಮೆಯೂ ಹಣವೂ ನಮ್ಮ ವಿಶ್ವವಿದ್ಯಾಲಯಗಳಿಗೆ ಬೇಕು.

ಕಾನೂನೂ ನಮ್ಮ ಪರವಾಗಿಯೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಅರ್ಜಿದಾರರು, ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ ನಿವೃತ್ತರಾದವರು. ಒಪ್ಪಿಗೆ ಪಡೆದು ಮಾಹಿತಿ ತೆಗೆದುಕೊಂಡರೂ ಉದ್ದೇಶಕ್ಕೆ ಅಗತ್ಯವಿರುವಷ್ಟಕ್ಕೇ ಆ ಒಪ್ಪಿಗೆ ಸೀಮಿತ ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ.

ಚಿಕ್ಕಪ್ಪನ ಪ್ರಶ್ನೆ ಹಾಗೇ ಉಳಿಯಿತಲ್ಲ. ಅಪರಾಧ ನಡೆದರೆ ಉಳಿದಿದ್ದವರು ಯಾರೆಂದು ಪೊಲೀಸರಿಗೆ ತಿಳಿಯಲೇಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೂ ದಾರಿಯಿದೆ. ಅತಿಥಿಯ ವಿವರವನ್ನು ನ್ಯಾಯಾಲಯದ ಅನುಮತಿಯಿಂದ ಮಾತ್ರ ತೆರೆಯುವ ಕೀಲಿಯಲ್ಲಿ ಮುಚ್ಚಿ, ಒಳಗಿರುವುದು ಅಸಲಿ ವಿವರವೇ ಎಂಬುದಕ್ಕೆ ಪುರಾವೆ ಸೇರಿಸಿ ಕೊಡಬಹುದು. ಹೋಂಸ್ಟೇಯವರ ಕೈಗೆ ಸಿಗುವುದು ಓದಲಾಗದ ಲಕೋಟೆ ಮತ್ತು ಅದು ಖಾಲಿಯಲ್ಲ ಎಂಬ ಖಾತರಿ. ಮೂಲ ದಾಖಲೆಯಲ್ಲೇ ತಪ್ಪಿದ್ದರೆ ಗಣಿತ ಅದನ್ನು ತಿದ್ದಲಾರದು. ಕೀಲಿ ಯಾರ ಕೈಯಲ್ಲಿರಬೇಕು ಎಂಬುದನ್ನೂ ಅದು ತೀರ್ಮಾನಿಸದು. ಅವು ನಾವು, ನಮ್ಮ ಶಾಸಕರು ಕುಳಿತು ಮಾತಾಡಬೇಕಾದ ವಿಷಯಗಳು.

ನನಗೆ ನಿಜವಾಗಿ ಚಿಂತೆ ಇರುವುದು ಸ್ಮಾರ್ಟ್‌ಫೋನ್ ಇಲ್ಲದವರ ಬಗ್ಗೆ. ವೃದ್ಧಾಪ್ಯ ವೇತನಕ್ಕಾಗಿ ತಾಲ್ಲೂಕು ಕಚೇರಿಗೆ ಬರುವ ಅಜ್ಜಿ ಕೇಳಿದಷ್ಟು ಪ್ರತಿಗಳಿಗೂ ಹೆಬ್ಬೆಟ್ಟು ಒತ್ತಿ ಕೊಡುತ್ತಾರೆ, ಅವು ಎಲ್ಲಿ ಹೋಗುತ್ತವೆ ಎಂದು ಕೇಳುವುದಿಲ್ಲ. ಪ್ರವಾಸಿಗರಿಗಿಂತ ಮೊದಲು ಈ ಸೌಲಭ್ಯ ಅವರಿಗೆ ಸಿಗಬೇಕು. ಗ್ರಾಮ ಒನ್ ಕೇಂದ್ರದ ಕಂಪ್ಯೂಟರೇ ಅವರ ಪರವಾಗಿ ಪುರಾವೆ ತಯಾರಿಸಿಕೊಟ್ಟು, ವಿವರಗಳನ್ನು ಅಲ್ಲಿಯೇ ಅಳಿಸುವಂತಾಗಬೇಕು. ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದನ್ನೇ ಎತ್ತಿಕೊಳ್ಳಿ. ಗಣಿತದ ಭಾಗಕ್ಕೆ ನಾನು ಜೊತೆಗಿರುತ್ತೇನೆ.