ನಾಯಿಗಳ ಮಸಣದಲ್ಲಿ ಬುತ್ತಿ ಬಿಚ್ಚಿದ್ದು

ಪ್ಯಾರಿಸ್ಸಿನಲ್ಲಿರುವ ಮಗಳ ಮನೆಗೆ ಹೋಗಿ, ನೋಡಲೇಬೇಕಾದುದನ್ನೆಲ್ಲ ನೋಡಿ ಮುಗಿಸಿ, ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ಕುಳಿತಿದ್ದಾಗ ಅವಳು, "ಅಪ್ಪಾ, ಇಲ್ಲೇ ಪಕ್ಕದ ಆನ್ಯೇರಿನಲ್ಲಿ ನಾಯಿಗಳಿಗೆಂದೇ ಒಂದು ಹಳೆಯ ಸ್ಮಶಾನವಿದೆ, ಅಮ್ಮನನ್ನೂ ಕರೆದುಕೊಂಡು ಹೋಗಿಬನ್ನಿ" ಎಂದಳು. ಬೀದಿನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವ ನನಗೆ, ಕಚ್ಚುವ ಸಂಭವವೇ ಇಲ್ಲದ ನಾಯಿಗಳನ್ನು ನೋಡುವ ಈ ಏರ್ಪಾಡು ಬಹಳ ಹಿಡಿಸಿತು.

ಮೊದಲ ದಿನದ ಪ್ರಯಾಣ ವ್ಯರ್ಥವಾಯಿತು. ಬರೆದ ಅಕ್ಷರಗಳಲ್ಲಿ ಒಂದನ್ನೂ ಬಿಡದೆ ಓದುವ ನಮ್ಮ ಸಂಸ್ಕಾರಕ್ಕೆ ತಕ್ಕಂತೆ ನಾನು "ಅಸ್ನಿಯೆರೆಸ್" ಎಲ್ಲಿದೆಯೆಂದು ಮೂವರನ್ನು ಕೇಳಿದೆ; ಮೂವರೂ ಮೂರು ದಿಕ್ಕು ತೋರಿಸಿದರು. ಕೊನೆಗೆ ಸೇನ್ ನದಿಯ ದಂಡೆಯಲ್ಲಿ ಆ ಸುಂದರವಾದ ಕಲ್ಲಿನ ಹೆಬ್ಬಾಗಿಲನ್ನು ತಲುಪಿದಾಗ ಅದು ಮುಚ್ಚಿತ್ತು. ಅಂದು ಸೋಮವಾರ. "ಸತ್ತ ನಾಯಿಗಳಿಗೂ ವಾರದ ರಜೆಯೇನ್ರೀ?" ಎಂದು ಕೇಳಿದ ಹೆಂಡತಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಮತ್ತೆ ಹೋದೆವು. ಟಿಕೆಟ್ ಕೊಡುವ ಮಹಿಳೆಗೆ ಫೋನಿನ ಅನುವಾದದ ಮೂಲಕ "ನಾವು ನಾಯಿಗಾಗಿ ಬಂದಿದ್ದೇವೆ" ಎಂದು ತಿಳಿಸಿದೆ. ಅದೇ ಹೊತ್ತಿಗೆ ನನ್ನ ಹೆಂಡತಿ, ಎರಡು ದಿನದ ನೆಗಡಿಯಿಂದ ಕೆಂಪಾಗಿದ್ದ ಮೂಗನ್ನೂ ಕಣ್ಣನ್ನೂ ಸೆರಗಿನಿಂದ ಒರೆಸಿಕೊಂಡಳು. ಆ ಮಹಿಳೆ ಎದ್ದು ಬಂದು ಇವಳ ಕೈಹಿಡಿದು ಮೆಲುದನಿಯಲ್ಲಿ ಏನನ್ನೋ ಕೇಳಿದರು. ಫೋನಿನ ಪರದೆಯಲ್ಲಿ "ವಯಸ್ಸೆಷ್ಟು?" ಎಂದು ಮೂಡಿತು. ಹಿರಿಯ ನಾಗರಿಕರ ರಿಯಾಯಿತಿಗಾಗಿ ಕೇಳುತ್ತಿರಬೇಕೆಂದು ಭಾವಿಸಿದ ಇವಳು ನನ್ನತ್ತ ಬೆರಳು ತೋರಿಸಿ, "ಅರವತ್ತೆಂಟು" ಎಂದಳು. ಆ ಮಹಿಳೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ ನೋಟವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಕೆಲಸದ ನಡುವೆ ಇದ್ದ ಮಗಳಿಗೆ ಫೋನ್ ಮಾಡಿ, ನಾವು ಯಾರನ್ನೂ ಮಣ್ಣುಮಾಡಲು ಬಂದವರಲ್ಲವೆಂದು ಆಕೆಗೆ ಮನವರಿಕೆ ಮಾಡಿಸಬೇಕಾಯಿತು.

ಒಳಗೆ ಕಾಲಿಟ್ಟೊಡನೆ ಎದುರಾಗುವುದು ಹಿಮದಲ್ಲಿ ಸಿಲುಕಿದವರನ್ನು ಕಾಪಾಡುತ್ತಿದ್ದ ಬ್ಯಾರಿ ಎಂಬ ಸೇಂಟ್ ಬರ್ನಾರ್ಡ್ ನಾಯಿಯ ಸ್ಮಾರಕ. ನಲವತ್ತು ಜನರ ಪ್ರಾಣ ಉಳಿಸಿದ ಬ್ಯಾರಿ ನಲವತ್ತೊಂದನೆಯವನಿಂದ ಹತನಾದನೆಂದು ಕಲ್ಲಿನ ಮೇಲೆ ಕೊರೆದಿದ್ದಾರೆ. ಮಗು ಬ್ಯಾರಿಯ ಬೆನ್ನೇರಿರುವ ಆ ಶಿಲ್ಪವನ್ನು ಕಂಡು ನಾನು ಅಭ್ಯಾಸಬಲದಿಂದ ಶೂ ಕಳಚಿ ಕೈಮುಗಿದೆ. ನಿಜಕ್ಕೆ ಬ್ಯಾರಿ ಮುದಿತನದಲ್ಲಿ, 1814ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸಹಜವಾಗಿಯೇ ಸತ್ತಿತೆಂದೂ ಅದರ ದೇಹ ಇಂದಿಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆಯೆಂದೂ ಮಗಳು ಸಂಜೆ ತಿಳಿಸಿದಳು; ಆ ವೇಳೆಗೆ ನನ್ನ ಕಾಲುಚೀಲ ಒದ್ದೆಯಾಗಿ ಹೋಗಿತ್ತು.

ಸತ್ತ ಪ್ರಾಣಿಗಳನ್ನು ನದಿಗೋ ತಿಪ್ಪೆಗೋ ಎಸೆಯಬಾರದೆಂದು 1898ರಲ್ಲಿ ಕಾನೂನು ಬಂದ ಮೇಲೆ, ಮರುವರ್ಷವೇ ಜಾರ್ಜ್ ಆರ್ಮ್ವಾ ಎಂಬ ವಕೀಲರೂ ಮಾರ್ಗರಿತ್ ದ್ಯುರಾಂ ಎಂಬ ಪತ್ರಕರ್ತೆಯೂ ಸೇರಿ ಈ ಸ್ಮಶಾನವನ್ನು ಸ್ಥಾಪಿಸಿದರು. ಮಹಿಳೆಯರೇ ನಡೆಸುವ ಪತ್ರಿಕೆಯನ್ನು ಕಟ್ಟಿದ್ದ ಈ ಧೀರೆ ಒಂದು ಸಿಂಹವನ್ನು ಸಾಕಿ ಅದಕ್ಕೆ "ಹುಲಿ" ಎಂದು ಹೆಸರಿಟ್ಟಿದ್ದರಂತೆ. ಹಾಲಿವುಡ್ಡಿನ ಸಿನಿಮಾನಾಯಿ ರಿನ್ ಟಿನ್ ಟಿನ್ ಕೂಡ ಇಲ್ಲೇ ಮಲಗಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರೇ ಇಲ್ಲದ ಒಂದು ಬೀದಿನಾಯಿ. 1958ರ ಮೇ 15ರಂದು ಅದು ಈ ಬಾಗಿಲಿನವರೆಗೆ ಬಂದು ಪ್ರಾಣ ಬಿಟ್ಟಿತು. ಇಲ್ಲಿ ಮಣ್ಣಾದ 40,000ನೆಯ ಪ್ರಾಣಿಯೆಂದು ಅದಕ್ಕೊಂದು ಸ್ಮಾರಕವನ್ನೇ ಕಟ್ಟಿದ್ದಾರೆ. ಒಡೆಯನಿಲ್ಲ, ಅರ್ಜಿಯಿಲ್ಲ, ಶಿಫಾರಸಿಲ್ಲ. ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಬಂದದ್ದಷ್ಟೇ ಅದರ ಅರ್ಹತೆ.

ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಚಪಾತಿ, ಆಲೂಗಡ್ಡೆ ಪಲ್ಯದ ಬುತ್ತಿ ಬಿಚ್ಚಿದೆವು. "ನಾಯಿಗೂ ಗೋರಿ ಕಟ್ಟುತ್ತಾರಲ್ಲ, ಈ ಜನರಿಗೆ ಬೇರೆ ಕೆಲಸವಿಲ್ಲವೇ?" ಎಂದು ಹೆಂಡತಿ ಕೇಳಿದಾಗ, ಮದ್ದೂರು ತಾಲ್ಲೂಕಿನವನಾದ ನನ್ನ ಅಭಿಮಾನ ಕೆರಳಿತು. ನಮ್ಮ ಆತಕೂರಿನ ಮಣಲೇರನೆಂಬ ವೀರನು ತಕ್ಕೋಲದ ಯುದ್ಧದಲ್ಲಿ ಮೆರೆದುದಕ್ಕೆ ಬಯಸಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಾಗ ದೇವಾಲಯದ ಮುಂದೆ ಶಾಸನದ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟ. ಇದೆಲ್ಲ ನಡೆದದ್ದು ಹತ್ತನೆಯ ಶತಮಾನದಲ್ಲಿ, ಫ್ರೆಂಚರಿಗಿಂತ ಸುಮಾರು ಸಾವಿರ ವರ್ಷ ಮೊದಲು ಎಂದು ಬಾಯಿತುಂಬ ಪಲ್ಯವಿಟ್ಟುಕೊಂಡೇ ಉಪನ್ಯಾಸ ಮಾಡಿದೆ. ಈ ನಡುವೆ ಸ್ಮಶಾನದ ಬೆಕ್ಕೊಂದು, ಒಣಗಲೆಂದು ನಾನು ಬಿಚ್ಚಿಟ್ಟಿದ್ದ ಶೂಗಳ ಮೇಲೆ ಸುರುಳಿ ಸುತ್ತಿ ಮಲಗಿಬಿಟ್ಟಿತು. ಎಬ್ಬಿಸಲು ಹೋದ ಇವಳಿಗೆ ಉಗುರು ತೋರಿಸಿತು. ಅದರ ನಿದ್ದೆ ಮುಗಿಯುವವರೆಗೆ ಮುಕ್ಕಾಲು ಗಂಟೆ ಕಾದೆವು.

ಮನೆಗೆ ಮರಳಿದೊಡನೆ, ನಾಯಿಗಳ ಮಸಣಕ್ಕೆ ಹೋಗಿಬಂದರೂ ತಲೆಗೆ ಸ್ನಾನ ಮಾಡಬೇಕೇ ಎಂಬ ಪ್ರಶ್ನೆ ಎದ್ದಿತು. ಇದ್ದ ಬಿಸಿನೀರನ್ನು ಹೆಂಡತಿ ಆಗಲೇ ಮುಗಿಸಿದ್ದಳಾದ್ದರಿಂದ, ಬೇಡವೆನ್ನುವ ಉತ್ತರದ ಆಸೆಯಿಂದ ಮದ್ದೂರಿನ ಅಕ್ಕನಿಗೆ ಫೋನ್ ಮಾಡಿ ನಡೆದುದನ್ನೆಲ್ಲ ಹೇಳಿದೆ. ನಿವೃತ್ತ ಕನ್ನಡ ಅಧ್ಯಾಪಕಿಯಾದ ಆಕೆ ಸಾವಧಾನವಾಗಿ ಕೇಳಿಸಿಕೊಂಡು ಹೇಳಿದಳು: "ಸ್ನಾನದ ಮಾತು ಆಮೇಲಿರಲಿ ಕಣೋ. ಆತಕೂರು ಶಾಸನದ ಶಾಪದ ಸಾಲು ನೆನಪಿದೆಯಾ? ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಪೂಜಾರಿಗೆ, ನಾಯಿ ಮಾಡಿದ ಪಾಪ ಸುತ್ತಿಕೊಳ್ಳುತ್ತದಂತೆ. ನೀನು ಆ ಬೀದಿನಾಯಿಯ ಕಲ್ಲಿನೆದುರು ಚಪಾತಿ ತಿಂದದ್ದು ಕೈಮುಗಿದ ಮೇಲೋ, ಮೊದಲೋ?"

ಸಿಗ್ನಲ್ ಸರಿಯಿಲ್ಲವೆಂದು ಹೇಳಿ ಫೋನ್ ಇಟ್ಟು, ತಣ್ಣೀರಿನ ನಲ್ಲಿ ತಿರುಗಿಸಿದೆ.