ಸ್ಪಷ್ಟನೆ: ಶಂಬಾ ಜೋಶಿ ಪ್ರೊಫೆಸರ್ ಆಗಿರಲಿಲ್ಲ

ಕನ್ನಡದ ಸಂಶೋಧಕ ಶಂಬಾ ಜೋಶಿ ಧಾರವಾಡದಲ್ಲಿ ಹುಟ್ಟಿದವರು, ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಅವರ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಎಂಬ ಸಂದೇಶ ಬೆಳಗಾವಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮೂರೂ ತಪ್ಪು.

ಅವರು ಹುಟ್ಟಿದ್ದು 1896ರಲ್ಲಿ, ನಮ್ಮದೇ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ಧಾರವಾಡ ಅವರ ಕರ್ಮಭೂಮಿ. ಅಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದರು. ಪದವಿಯ ಬಲವಿಲ್ಲದ ಈ ಮಾಸ್ತರು ಮಹಾರಾಷ್ಟ್ರದ ಊರ ಹೆಸರು, ದೇವರ ಹೆಸರುಗಳನ್ನೇ ಸಾಕ್ಷಿಯಾಗಿ ಹಿಡಿದು, ಅಲ್ಲಿ ಒಂದು ಕಾಲಕ್ಕೆ ಕನ್ನಡವಿತ್ತೆಂದು ‘ಕಣ್ಮರೆಯಾದ ಕನ್ನಡ’ ಎಂಬ ಪುಸ್ತಕದಲ್ಲಿ ವಾದಿಸಿದರು. ಮರಾಠಿಯಲ್ಲೂ ಬರೆದರು. ಗಡಿನಾಡಿನ ನಾವು ಇದನ್ನು ಮರೆಯಬಾರದು. 1970ರ ಅಕಾಡೆಮಿ ಪ್ರಶಸ್ತಿ ಸಂದದ್ದು ‘ಕರ್ಣಾಟಕ ಸಂಸ್ಕೃತಿ ಸಮೀಕ್ಷೆ’ಗೆ. ಅದು ಕಾದಂಬರಿಯಲ್ಲ, ಸಂಶೋಧನಾ ಗ್ರಂಥ. 1981ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. ದಯವಿಟ್ಟು ಆ ಸಂದೇಶವನ್ನು ತಿದ್ದಿ ಕಳಿಸಿ.