ಮಿಕ್ಸಿ ತಿರುಗ್ತಿಲ್ಲ, ಕಂಪ್ಲೇಂಟ್ ಮಾತ್ರ ಕ್ಲೋಸ್

ನಮ್ಮನೆ ಮಿಕ್ಸಿ ಕೆಟ್ಟು ಇವತ್ತಿಗೆ ಹನ್ನೊಂದು ದಿನ. ದಿನಾ ಬೆಳಗ್ಗೆ ಕಾಯಿ ತುರ್ಕೊಂಡು ಪಾತ್ರೆ ಹಿಡ್ಕೊಂಡು ಪಕ್ಕದ ಮನೆಗೆ ಹೋಗಿ ಚಟ್ನಿ ರುಬ್ಕೊಂಡು ಬರ್ತಿದೀನಿ, ಅವ್ರು ಪಾಪ ಏನೂ ಅನ್ನಲ್ಲ, ನಂಗೇ ಒಂಥರಾ ಆಗತ್ತೆ. ಕಂಪನಿ ಲೆಕ್ಕದಲ್ಲಿ ಮಾತ್ರ ಮಿಕ್ಸಿ ಚೆನ್ನಾಗೇ ಇದೆ, ಯಾಕಂದ್ರೆ ಕಂಪ್ಲೇಂಟ್ ಎರಡು ಸಲ ಕ್ಲೋಸ್ ಆಗಿದೆ!!

ಟೋಲ್ ಫ್ರೀ ನಂಬರ್‌ಗೆ ಮಾಡಿದ್ರೆ ಕನ್ನಡಕ್ಕೆ ನಾಲ್ಕು ಒತ್ತಿ ಅಂತು, ಒತ್ತಿದೆ, ಇಪ್ಪತ್ತು ನಿಮಿಷ ಮ್ಯೂಸಿಕ್ ಕೇಳಿಸಿ ಆಮೇಲೆ ಸಿಕ್ಕವ್ನು "ಹಾಂ ಜೀ ಬೋಲಿಯೇ". ಮತ್ತೆ ನಾಲ್ಕು ಒತ್ತಿಸಿದ್ದು ಯಾವ ಸಂಪತ್ತಿಗೆ? ನನ್ನ ಹರಕುಮುರುಕು ಹಿಂದೀಲಿ ಹೇಳಿದ್ರೆ ಪ್ಲಗ್ ಹಾಕಿದೀರಾ, ಅಡೀಲಿರೋ ಕೆಂಪು ಬಟನ್ ಒತ್ತಿದೀರಾ ಅಂತ ಶುರು. ಅಯ್ಯೋ ಮಾರಾಯ, ಇಪ್ಪತ್ತು ವರ್ಷದಿಂದ ಅಡುಗೆ ಮಾಡ್ತಿದೀನಿ, ಅಷ್ಟೂ ಗೊತ್ತಿಲ್ವಾ ನಂಗೆ.

ಹತ್ತರಿಂದ ಎರಡರೊಳಗೆ ಬರ್ತಾರೆ ಅಂದಿದ್ಕೆ ರಜೆ ಹಾಕಿ ಕೂತೆ. ಯಾರೂ ಬರ್ಲಿಲ್ಲ. ಎರಡೂಕಾಲಿಗೆ ಮೆಸೇಜು, ಗ್ರಾಹಕರು ಮನೆಯಲ್ಲಿರಲಿಲ್ಲ, ದೂರು ಮುಕ್ತಾಯಗೊಳಿಸಲಾಗಿದೆ. ಬಾಗ್ಲು ತೆಗ್ದಿಟ್ಕೊಂಡು ಕೂತಿದೀನಿ ನಾನಿಲ್ಲಿ! ಎರಡನೇ ಸಲ ಒಬ್ಬ ಹುಡುಗ ಫೋನ್ ಮಾಡಿ, ಮೇಡಂ ಒಂದು ಓಟಿಪಿ ಬಂದಿರತ್ತೆ ಹೇಳಿ, ನಾಳೆ ಬಂದು ಮಾಡ್ಕೊಡ್ತೀನಿ, ಇವತ್ತು ಕ್ಲೋಸ್ ಆಗ್ಲಿಲ್ಲಾಂದ್ರೆ ನನ್ ಪೇಮೆಂಟ್ ಕಟ್ ಮಾಡ್ತಾರೆ ಅಂದ. ಪಾಪ ಅನ್ನಿಸಿ ಹೇಳ್ಬಿಟ್ಟೆ, ಅಷ್ಟೇ, ಆಮೇಲೆ ಫೋನೇ ಎತ್ತಲ್ಲ. ಆದ್ರೂ ಅವನ ಮೇಲೆ ಪೂರ್ತಿ ಸಿಟ್ಟಿಲ್ಲ ನಂಗೆ, ರಿಪೇರಿ ಆದ್ರೂ ಬಿಟ್ರೂ ಕಂಪ್ಯೂಟರಲ್ಲಿ ಕ್ಲೋಸ್ ಆದ್ರೆ ಸಾಕು ಅಂತ ರೂಲ್ ಮಾಡಿ ಎಸಿಲಿ ಕೂತಿದಾರಲ್ಲ, ಅವ್ರನ್ನ ಕರ್ಕೊಂಡ್ಬಂದು ಒಂದು ವಾರ ಒರಳಲ್ಲಿ ರುಬ್ಬಿಸ್ಬೇಕು.

ಮೂರನೇ ಸಲ ಬಿಲ್ ಫೋಟೋ ಕಳ್ಸಿ ಅಂದ್ರು. ಎರಡು ವರ್ಷದ ವಾರಂಟಿ, ತಗೊಂಡು ಇನ್ನೂ ಒಂದೂವರೆ ವರ್ಷ ಆಗಿಲ್ಲ, ಜೋಪಾನ ಅಂತ ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದ್ದೆ, ತೆಗ್ದು ನೋಡಿದ್ರೆ ಬಿಳೀ ಹಾಳೆ! ಬಿಲ್ ಪ್ರಿಂಟ್ ಮಾಡೋ ಆ ಥರ್ಮಲ್ ಪೇಪರ್ ಮೇಲಿನ ಅಕ್ಷರ ಬಿಸಿಲು ತಾಗಿದ್ರೂ ಹೋಗತ್ತೆ, ಪ್ಲಾಸ್ಟಿಕ್ ತಾಗಿದ್ರೆ ಇನ್ನೂ ಬೇಗ ಹೋಗತ್ತಂತೆ. ಎರಡು ವರ್ಷ ವಾರಂಟಿಗೆ ಒಂದೂವರೆ ವರ್ಷಾನೂ ಬಾಳದ ಬಿಲ್ಲು. ಅಂಗಡಿಗೇ ಹೋಗಿ ಅವತ್ತು ನನ್ ಫೋನ್ ನಂಬರ್ ಬರ್ಕೊಂಡ್ರಲ್ಲ ಅದ್ರಲ್ಲಿ ಹುಡ್ಕಿ ಕೊಡಿ ಅಂದ್ರೆ ಹಳೇ ಸಿಸ್ಟಮ್ ಚೇಂಜ್ ಆಗಿದೆ ಮೇಡಂ, ಸಿಗಲ್ಲ ಅಂತಾರೆ. ಯುಗಾದಿ ಆಫರ್, ದೀಪಾವಳಿ ಆಫರ್ ಅಂತ ವಾರಕ್ಕೆರಡು ಮೆಸೇಜ್ ಹಾಕೋಕೆ ಅದೇ ನಂಬರ್ ಸಿಗತ್ತೆ, ಬಿಲ್ ಹುಡ್ಕೋಕೆ ಸಿಗಲ್ವಾ? ನಂಬರ್ ಕೊಡ್ಲೇಬೇಕು ಅಂತ ಗ್ರಾಹಕರನ್ನ ಒತ್ತಾಯ ಮಾಡ್ಬೇಡಿ ಅಂತ 2023ರಲ್ಲೇ ಕೇಂದ್ರ ಸರ್ಕಾರ ಅಂಗಡಿಯವ್ರಿಗೆ ಹೇಳಿದೆ, ಅದು ನಂಗೆ ಈಗ ಗೊತ್ತಾಯ್ತು ನೋಡಿ.

ತಲೆಕೆಟ್ಟು ನಿನ್ನೆ 1915ಕ್ಕೆ ಮಾಡ್ದೆ, ಕೇಂದ್ರ ಸರ್ಕಾರದ ಗ್ರಾಹಕರ ಸಹಾಯವಾಣಿ. ಇವತ್ತು ಮಧ್ಯಾಹ್ನ ಕಂಪನಿಯಿಂದ ಫೋನು, ಎಷ್ಟು ನಯ, ಅದೂ ಅಚ್ಚ ಕನ್ನಡದಲ್ಲಿ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರೋ ಈ ಹುಡುಗೀನ. ಮೇಡಂ, ನೀವು ಮೊದ್ಲು ಆ ದೂರು ವಾಪಸ್ ತಗೊಳ್ಳಿ, ನಾಳೆನೇ ಟೆಕ್ನಿಷಿಯನ್ ಕಳಿಸ್ತೀವಿ ಅಂತೆ.

ಮೊದ್ಲು ಮಿಕ್ಸಿ ತಿರುಗ್ಲಿ ತಾಯಿ ಅಂದು ಇಟ್ಟೆ.